ಕಂಕನಾಡಿಯ ಇಂಗ್ಲಿಷ್ ಭಾಷಣ ಕ್ಲಾಸು: ಹೇಗಿದೆ?

ಕನ್ನಡ ಮೀಡಿಯಂನಲ್ಲಿ ಓದಿ, ಈಗ ಆಫೀಸಿನ ಮೀಟಿಂಗಿನಲ್ಲಿ ಎದ್ದು ನಿಂತು ಇಂಗ್ಲಿಷ್ ಮಾತಾಡಬೇಕಾದವರಿಗೆಂದೇ ಮಂಗಳೂರಿನ ಕಂಕನಾಡಿಯಲ್ಲಿ ನಡೆಯುವ 8 ವಾರದ ಕ್ಲಾಸು. ಭಾನುವಾರ 2 ಗಂಟೆ ಹೊತ್ತು.

ಇವರು ಮೊದಲು ಕೈಹಾಕುವುದು ಕ್ರಿಯಾಪದಕ್ಕೆ. ತುಳುವಿನಲ್ಲೂ ಕನ್ನಡದಲ್ಲೂ ಅದು ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರಬೇಕು. 'ಅವರ್ ಟೀಮ್...' ಅಂದವರು ಅಲ್ಲೇ ಸಿಕ್ಕಿಬಿದ್ದು 'ಆ್ಯಕ್ಚುವಲಿ, ಬೇಸಿಕಲಿ' ಎಂದು ಎಳೆಯುವುದು ಬರೀ ಹೆದರಿಕೆಗಲ್ಲ, ಕ್ರಿಯಾಪದ ಇನ್ನೂ ಬಾಯಿಗೆ ಬಂದಿರುವುದಿಲ್ಲ. ಇಲ್ಲಿ 'ಅವರ್ ಟೀಮ್ ಫಿನಿಶ್ಡ್' ಎಂದು ಮೊದಲು ಹೇಳಿಸಿ, ಏನು, ಎಲ್ಲಿ, ಯಾವಾಗ ಎಂಬುದನ್ನು ಆಮೇಲೆ ಪೋಣಿಸುತ್ತಾರೆ. ದಿನಕ್ಕೆ 10 ವಾಕ್ಯ ಮನೆಗೆಲಸ. ಇಡೀ ಕೋರ್ಸಿನಲ್ಲಿ ಕಾಸಿಗೆ ತಕ್ಕ ಪಾಠ ಇದೇ.

ಆಮೇಲೆ ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳಬೇಕು ಎಂಬುದು. 'ಫೋಟೋಗ್ರಾಫ್'ನಲ್ಲಿ ಒತ್ತು 'ಫೋ' ಮೇಲೆ, 'ಫೊಟಾಗ್ರಫರ್'ನಲ್ಲಿ 'ಟಾ' ಮೇಲೆ, 'ಫೋಟೊಗ್ರಾಫಿಕ್'ನಲ್ಲಿ 'ಗ್ರಾ' ಮೇಲೆ. ಒತ್ತು ಜಾಗ ತಪ್ಪಿದರೆ ಹೊರಗಿನವರಿಗೆ ಪದವೇ ಗುರುತು ಸಿಗುವುದಿಲ್ಲ. ಉಚ್ಚಾರದಲ್ಲಿ ತಿದ್ದುವುದು ಎರಡೇ: 'ಎವ್ರಿ'ಗೆ 'ಯೆವ್ರಿ' ಅನ್ನುವುದು, 'ವಿ' ಮತ್ತು 'ಡಬ್ಲ್ಯು' ಎರಡಕ್ಕೂ ನಮ್ಮ ಒಂದೇ 'ವ' ಬಳಸುವುದು. 'ವಿ'ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, 'ಡಬ್ಲ್ಯು'ಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಲಂಡನ್ನಿನವರಂತೆ ಮಾತಾಡಿಸುವ ಹಟವಿಲ್ಲ, ಪುಣ್ಯ.

ಇಡೀ ಭಾಷಣ ಉರು ಹೊಡೆಯಲು ಬಿಡುವುದಿಲ್ಲ. ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನ) ಕೇಳಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ: ಪದ್ಯ ಮೊದಲೇ ಗೊತ್ತು, ಅದಕ್ಕೆ ಹೇಳುವ ಅರ್ಥದ ಮಾತು ಕೂತಲ್ಲೇ ಹುಟ್ಟಬೇಕು. ಮೊದಲ 2 ವಾಕ್ಯ, ಕೊನೆಯ 1 ವಾಕ್ಯ ಬಾಯಿಪಾಠ; ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ 5 ಪದ. ಉರು ಹೊಡೆದವರು ಒಂದು ಪದ ಮರೆತರೆ ಇಡೀ ಪ್ಯಾರಾ ಹೋಯಿತು. ಮರೆಯದಿದ್ದರೆ ಎಕ್ಸ್‌ಪ್ರೆಸ್ ಬಸ್ಸಿನಂತೆ ಓಟ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪದ ಎಣಿಸುತ್ತಾರೆ. ನಿಮಿಷಕ್ಕೆ 120ರಿಂದ 140 ಸಾಕು.

ಕೊರತೆ ಬ್ಯಾಚಿನ ಗಾತ್ರದ್ದು. 20 ಜನಕ್ಕೆ 2 ಗಂಟೆ ಎಂದರೆ ತಲೆಗೆ 6 ನಿಮಿಷ. ತಿದ್ದುವ ಮಾತು ಕಳೆದರೆ ಮೈಕ್ ಕೈಯಲ್ಲಿರುವುದು 3 ನಿಮಿಷ. ಅದರಲ್ಲೂ 'ಹಿ ಡೋಂಟ್' ಅಂದ ಕೂಡಲೇ ನಡುವೆ ತಡೆದು 'ಡಸಂಟ್' ಹೇಳಿಸುತ್ತಾರೆ. ಇದು ತಪ್ಪು ಕ್ರಮ. ಮಾತು ಕಡಿದರೆ ಮುಂದಿನ ವಾಕ್ಯ ಬರುವುದು ಕನ್ನಡದಿಂದ ತರ್ಜುಮೆಯಾಗಿ. ಭಾಷಣದ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳ ಪದ್ಧತಿ ಇದಕ್ಕಿಂತ ಮೇಲು: 5ರಿಂದ 7 ನಿಮಿಷದ ಭಾಷಣ ಪೂರ್ತಿ ಮುಗಿದ ಮೇಲಷ್ಟೇ ವಿಮರ್ಶಕರು 2-3 ನಿಮಿಷ ಮಾತಾಡುವುದು; 'ಆ', 'ಮ್' ಎಣಿಸಲು ಬೇರೆಯೇ ಒಬ್ಬರು.

ಫೀಸು ಕಟ್ಟುವ ಮೊದಲು ಬ್ಯಾಚಿನಲ್ಲಿ ಎಷ್ಟು ಜನ ಎಂದು ಕೇಳಿ. 12 ದಾಟಿದ್ದರೆ ಮುಂದಿನದಕ್ಕೆ ಕಾಯಿರಿ. ಜೂನ್-ಜುಲೈ ಬ್ಯಾಚಂತೂ ಬೇಡ. ಕ್ಲಾಸು ನಡೆಯುವ ಮೇಲಿನ ಮಾಳಿಗೆಗೆ ಶೀಟಿನ ಸೂರು. ಮಳೆ ಹೊಡೆದರೆ ಮೈಕಿದ್ದರೂ ಕಿರುಚಬೇಕು.