ಮುದ್ದೆನಾ, ಚಪಾತಿನಾ? ನಾಲ್ಕು ವರ್ಷ ಗ್ಲುಕೋಮೀಟರ್ ಬಳಸಿದ ಮೇಲೆ

2021ರ ಏಪ್ರಿಲ್‌ನಲ್ಲಿ ಮದ್ದೂರಿನ ಮೆಡಿಕಲ್ ಶಾಪಿನಲ್ಲಿ ಈ ಮಷಿನ್ ಕೊಂಡೆ. ಕಂಪನಿ ಹೆಸರು ಬೇಡ ಬಿಡಿ, ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ, ಎಲ್ಲ ಕಡೆ ಸಿಗುವ ಮಾಮೂಲಿ ಗ್ಲುಕೋಮೀಟರ್. ಆಗ ನನ್ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) 8.4 ಇತ್ತು. ನಿಜ ಹೇಳಬೇಕೆಂದರೆ, ಸಕ್ಕರೆ ಕಾಯಿಲೆಗಿಂತ ಮನೆಯ ಜಗಳ ತಡೆಯಲಾರದೆ ಕೊಂಡಿದ್ದು.

ಡಾಕ್ಟರ್ ಕೊಟ್ಟ ಚಾರ್ಟಿನಲ್ಲಿ ಅನ್ನ ಕಡಿಮೆ ಮಾಡಿ, ಮುದ್ದೆ ತಿನ್ನಿ ಅಂತ ಇತ್ತು. ನನ್ನ ಹೆಂಡತಿ ರಾತ್ರಿಗೆ ಚಪಾತಿಯೇ ಒಳ್ಳೆಯದು ಅನ್ನುತ್ತಿದ್ದಳು. ಭಾವಮೈದ ಮೊಬೈಲಿನಲ್ಲಿ ಯಾರ್ಯಾರದೋ ವಿಡಿಯೋ ನೋಡಿಕೊಂಡು ಬಂದು, "ಭಾವ, ಅನ್ನ, ಮುದ್ದೆ, ಚಪಾತಿ ಮೂರೂ ಬಿಟ್ಬಿಡಿ. ಮೊಟ್ಟೆ, ಪನೀರ್, ಸೊಪ್ಪು ತಿನ್ನಿ. ಮೂರು ತಿಂಗಳಲ್ಲಿ ಮಾತ್ರೆನೂ ಬೇಕಾಗಲ್ಲ" ಅಂದ. ಯಾರ ಮಾತು ಕೇಳೋದು? ಬೆರಳು ನನ್ನದು, ರಕ್ತ ನನ್ನದು. ನಾನೇ ನೋಡಿಬಿಡೋಣ ಅನ್ನಿಸಿತು.

ಊಟದ ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ಚುಚ್ಚಿಕೊಳ್ಳುತ್ತಿದ್ದೆ. 180ರ ಒಳಗಿರಬೇಕು ಅಂತ ಡಾಕ್ಟರ್ ಹೇಳಿದ್ದರು. ಮೊದಲ ವಾರದಲ್ಲೇ ಮುಖಭಂಗ. ಎರಡು ಮುದ್ದೆ, ಬಸ್ಸಾರು: 248. ರಾಗಿ ತಿಂದರೆ ಸಕ್ಕರೆ ಏರಲ್ಲ ಅಂತ ನಂಬಿಕೊಂಡೇ ದೊಡ್ಡವನಾದವನು ನಾನು. ಹೆಂಡತಿ ಗೆದ್ದೆ ಅಂದುಕೊಂಡಳು. ಮಾರನೇ ರಾತ್ರಿ ಮೂರು ಚಪಾತಿ, ಆಲೂಗಡ್ಡೆ ಸಾಗು: 231. ಅವಳೂ ಸುಮ್ಮನಾದಳು.

ಆಮೇಲೆ ಲೆಕ್ಕ ನೋಡಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್), ಅಂದರೆ ರಕ್ತದ ಸಕ್ಕರೆ ಏರಿಸುವ ಪಿಷ್ಟ. ಗೋಧಿ ಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಿಯಲ್ಲಿ ಇನ್ನೊಂದಿಷ್ಟು ಜಾಸ್ತಿ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ಅದು ನಿಜ. ಆದರೆ ನುಣ್ಣಗೆ ಬೀಸಿ, ತಿರುವಿ ಬೇಯಿಸಿ, ಎರಡು ದಪ್ಪ ಮುದ್ದೆ ನುಂಗಿದರೆ ಅದೂ ಪಿಷ್ಟವೇ ಅಲ್ವಾ?

ಭಾವಮೈದನ ದಾರಿಯನ್ನೂ ಹಿಡಿದು ನೋಡಿದೆ. ನಂಬರ್ ಸೊಗಸಾಗಿ ಇಳಿಯಿತು, ಸುಳ್ಳು ಹೇಳಲ್ಲ. ಐದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ತೋಟದಲ್ಲಿ ಕೈ ನಡುಗಲು ಶುರುವಾಯಿತು, ಅಂಗಿಯೆಲ್ಲ ಬೆವರು. ಮನೆಗೆ ಬಂದು ಚುಚ್ಚಿದರೆ ಸಕ್ಕರೆ ತೀರಾ ಇಳಿದು 58. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದೆ. ಕಾಲು ಗಂಟೆ ಬಿಟ್ಟು ನೋಡಿದಾಗ 84. ನಾನು ಗ್ಲಿಮೆಪಿರೈಡ್ ಅನ್ನುವ ಸಕ್ಕರೆ ಮಾತ್ರೆ ನುಂಗುವವನು. ಊಟ ಮಾಡಿದರೂ ಬಿಟ್ಟರೂ ಅದು ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಡಾಕ್ಟರ್ ಸರಿಯಾಗಿ ಬೈದರು: "ಮಾತ್ರೆ ಹಾಗೇ ಇಟ್ಕೊಂಡು ಊಟ ಬಿಟ್ರೆ ಇನ್ನೇನಾಗುತ್ತೆ ಮೇಷ್ಟ್ರೇ? ನನ್ನನ್ನ ಒಂದು ಮಾತು ಕೇಳೋದಲ್ವಾ?" ಇನ್ಸುಲಿನ್ ಹಾಕಿಕೊಳ್ಳುವವರೂ ಈ ವಿಡಿಯೋಗಳನ್ನು ನೋಡುತ್ತಾರೆ ಅಂತ ನೆನೆದರೆ ಈಗಲೂ ಭಯವಾಗುತ್ತದೆ.

ಹಾಗಂತ ಭಾವಮೈದ ಪೂರ್ತಿ ತಪ್ಪೂ ಅಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ 2019ರ ವರದಿಯೂ ಕಾರ್ಬ್ ಕಡಿಮೆ ಮಾಡಿದರೆ ಸಕ್ಕರೆ ಇಳಿಯುವುದಕ್ಕೆ ಒಳ್ಳೆಯ ಆಧಾರ ಇದೆ ಅನ್ನುತ್ತದೆ. ಆದರೆ ಎಲ್ಲರಿಗೂ ಹೊಂದುವ ಒಂದೇ ಶೇಕಡಾ ಲೆಕ್ಕ ಇಲ್ಲ ಅಂತಲೂ ಅದರಲ್ಲಿದೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 18,090 ಜನರ ಊಟದ ಲೆಕ್ಕ ಇಟ್ಟುಕೊಂಡು 2022ರಲ್ಲಿ ಹೇಳಿದ್ದು ಬೇರೆ: ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು ಅದನ್ನು ಹಿಮ್ಮೆಟ್ಟಿಸಬೇಕಾದರೆ ಒಟ್ಟು ಕ್ಯಾಲೊರಿಯಲ್ಲಿ ಕಾರ್ಬ್ 49ರಿಂದ 54 ಶೇಕಡಾಕ್ಕೆ ಇಳಿಯಬೇಕು, ಪ್ರೋಟೀನ್ 20ರ ಹತ್ತಿರ ಹೋಗಬೇಕು. ಸೊನ್ನೆ ಮಾಡಿ ಅಂತ ಅವರು ಹೇಳಲಿಲ್ಲ. ನಮ್ಮ ಮಂಡ್ಯದ ಕಡೆ ಊಟಕ್ಕೆ ಇದೇ ಸಾಧ್ಯವಾದ ಮಾತು.

ಈಗ ಒಂದೇ ಮುದ್ದೆ, ಅದೂ ಕಿತ್ತಳೆ ಗಾತ್ರದ್ದು. ಮೊದಲು ಒಂದು ಬಟ್ಟಲು ಪಲ್ಯ, ಮೊಳಕೆ ಹುರುಳಿ. ಮುದ್ದೆ ಕೊನೆಗೆ. ಊಟ ಆದ ಮೇಲೆ ಕೆರೆ ಏರಿ ಮೇಲೆ ಕಾಲು ಗಂಟೆ ನಡಿಗೆ. ಅದೇ ಬಸ್ಸಾರು, ಈಗ 160-170. ಕಳೆದ ಸಲದ ಎಚ್‌ಬಿಎ1ಸಿ 6.9.

ಇನ್ನು ಮಷಿನ್ ವಿಷಯ. ಹಿಡಿದುಕೊಳ್ಳಲು ಹಗುರ, ಅಕ್ಷರ ದೊಡ್ಡದು, ಕನ್ನಡಕ ಇಲ್ಲದೆಯೂ ಕಾಣುತ್ತದೆ. ಬಟನ್ ಸೆಲ್ ಎರಡೇ ಸಲ ಬದಲಿಸಿದ್ದೇನೆ. ಕಂಪನಿಯವರು ಲಾಭ ಮಾಡಿಕೊಳ್ಳುವುದು ರಕ್ತದ ಹನಿ ಹಾಕುವ ಸ್ಟ್ರಿಪ್‌ನಲ್ಲಿ. ನನಗೆ ಒಂದಕ್ಕೆ 20 ರೂಪಾಯಿ ಹತ್ತಿರ ಬೀಳುತ್ತದೆ. ಮಷಿನ್ ಅಗ್ಗ ಅಂತ ಕೊಳ್ಳಬೇಡಿ, ಸ್ಟ್ರಿಪ್ ರೇಟ್ ಮೊದಲು ಕೇಳಿ. ಒಂದು ಡಬ್ಬಿ ಪೂರ್ತಿ ಎರರ್ ತೋರಿಸಿದಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹೊಸ ಡಬ್ಬಿ ಬರಲು ಐದು ವಾರ ಆಯಿತು. ಅದಕ್ಕೆ ಒಂದು ಸ್ಟಾರ್ ಕಡಿಮೆ.

ಒಮ್ಮೆ 312 ತೋರಿಸಿ ಜೀವವೇ ಹೋದಂತಾಯಿತು. ಆಮೇಲೆ ನೆನಪಾಯಿತು, ಆಗಷ್ಟೇ ಮೊಮ್ಮಗಳಿಗೆ ಬಾದಾಮಿ ಮಾವು ಹೆಚ್ಚಿಕೊಟ್ಟಿದ್ದೆ. ಕೈ ತೊಳೆದು ಒರೆಸಿಕೊಂಡು ನೋಡಿದರೆ 168! ಇನ್ನೊಂದು, 100ರ ಮೇಲಿನ ನಂಬರಿನಲ್ಲಿ ಶೇಕಡಾ 15ರಷ್ಟು ಹೆಚ್ಚುಕಡಿಮೆ ಆಗುವುದನ್ನು ಈ ಮಷಿನ್‌ಗಳ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಹಾಗಾಗಿ 168 ಬಂತು, 175 ಬಂತು ಅಂತ ತಲೆ ಕೆಡಿಸಿಕೊಳ್ಳುವುದು ಸುಮ್ನೆ ದಂಡ.

ಮಗ ಬೆಂಗಳೂರಿನಿಂದ ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಒಮ್ಮೆ ತಂದಿದ್ದ. ಮೂರು ಇಡ್ಲಿ ತಿಂದು ಒಂದು ಗಂಟೆಯಲ್ಲಿ ಸಕ್ಕರೆಯ ಗೆರೆ ಹೇಗೆ ಜಿಗಿಯುತ್ತದೆ ಅಂತ ಕಣ್ಣಾರೆ ಕಂಡೆ. ಚುಚ್ಚಿ ನೋಡಿದ್ದಕ್ಕಿಂತ ಅದು ಚೆನ್ನಾಗಿ ಮನಸ್ಸಿಗೆ ನಾಟಿತು. ಆದರೆ ತಿಂಗಳಿಗೆ ಎರಡು ಬೇಕು, ಪಿಂಚಣಿಯಲ್ಲಿ ಆಗುವ ಮಾತಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಹೋದ ವರ್ಷ ಭಾವಮೈದನಿಗೂ ಸಕ್ಕರೆ ಕಾಣಿಸಿಕೊಂಡಿತು, ಇದೇ ಮಷಿನ್ ಕೊಂಡಿದ್ದಾನೆ. ಸ್ಟ್ರಿಪ್ ಮಾತ್ರ ನಮ್ಮ ಮನೆಯಿಂದಲೇ ಹೋಗುತ್ತದೆ.