ವಾಟರ್ ಪೇಪರಿನಲ್ಲಿ ಚಾಕು ಮಸೆಯುವುದು: ವರ್ಷದ ಮೇಲೆ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲಿ ಎರಡೋ ಮೂರೋ ಸ್ಟೀಲ್ ಚಾಕು ಇರುವವರಿಗೆ ಇದು ಧಾರಾಳವಾಗಿ ಸಾಕು. ದಿನವೂ ಕೇಜಿಗಟ್ಟಲೆ ತರಕಾರಿ ಹೆಚ್ಚುವ ಕೇಟರಿಂಗ್‌ನವರಾದರೆ ಸುಮ್ನೆ ಒಂದು ಒಳ್ಳೆ ಸಾಣೆಕಲ್ಲು ಕೊಂಡುಬಿಡಿ.

ನಾನು ಹೇಳುತ್ತಿರುವುದು ಬಡಗಿಗಳು ಮರಕ್ಕೆ ಉಜ್ಜುವ ಮಾಮೂಲಿ ಉಪ್ಪು ಕಾಗದದ ಬಗ್ಗೆ ಅಲ್ಲ. ಅದಕ್ಕೆ ನೀರು ತಾಗಿದರೆ ಮೆತ್ತಗಾಗಿ ಹರಿದುಹೋಗುತ್ತದೆ. ಪೇಂಟ್ ಅಂಗಡಿಯಲ್ಲಿ ‘ವಾಟರ್ ಪೇಪರ್’ ಕೇಳಿ, ಕಪ್ಪು ಹಾಳೆ ಕೊಡುತ್ತಾರೆ. ಗ್ಯಾರೇಜುಗಳಲ್ಲಿ ಕಾರಿಗೆ ಪೇಂಟ್ ಹೊಡೆಯುವ ಮುಂಚೆ ನೀರು ಹಾಕಿ ಉಜ್ಜುತ್ತಾರಲ್ಲ, ಅದೇ. ಅದರ ಮೇಲಿರುವುದು ಸಿಲಿಕಾನ್ ಕಾರ್ಬೈಡ್ ಪುಡಿ. ಚಾಕುವಿನ ಉಕ್ಕಿಗಿಂತ ಎಷ್ಟೋ ಗಟ್ಟಿ. ಹಿಂಬದಿಯಲ್ಲಿ ನಂಬರ್ ಇರುತ್ತದೆ: ಕಡಿಮೆ ಇದ್ದರೆ ಒರಟು, ಜಾಸ್ತಿ ಇದ್ದರೆ ನಯ. 320, 600, 1000 ಈ ಮೂರು ಸಾಕು. 2000 ನಂಬರಿನದ್ದೂ ತಂದು ನೋಡಿದೆ. ಅಲಗು ಮಿರಮಿರ ಮಿಂಚುತ್ತದೆ, ಆದರೆ ಟೊಮ್ಯಾಟೊ ಸಿಪ್ಪೆಗೆ ಅಷ್ಟು ನಯ ಬೇಡ. 1000ಕ್ಕೆ ನಿಲ್ಲಿಸಿದ ಅಂಚಿನಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಹಲ್ಲು ಉಳಿಯುತ್ತದೆ, ಅದೇ ಸಿಪ್ಪೆಯನ್ನು ಹಿಡಿಯುವುದು.

ಕಾಗದಕ್ಕಿಂತ ಮುಖ್ಯ ಅದರ ಕೆಳಗಿರುವುದು. ದಪ್ಪ ಗಾಜಿನ ತುಂಡು ಸಿಕ್ಕಿದರೆ ಒಳ್ಳೇದು. ಇಲ್ಲದಿದ್ದರೆ ಅಡುಗೆಕಟ್ಟೆಯ ಪಾಲಿಶ್ ಗ್ರಾನೈಟೇ ಆಯಿತು. ನೀರು ಚಿಮುಕಿಸಿ ಹಾಳೆ ಹಾಸಿದರೆ ಅಂಟಿಕೊಂಡು ಕೂರುತ್ತದೆ. ಕಟ್ಟೆಯ ಅಂಚಿನಲ್ಲೇ ಹಾಸಿ. ನಡುವೆ ಹಾಸಿದರೆ ಚಾಕುವಿನ ಹಿಡಿ ಕಲ್ಲಿಗೆ ತಾಗಿ, ಬುಡದ ಭಾಗ ಮಸೆಯಲು ಆಗುವುದೇ ಇಲ್ಲ. ಕೆಳಗೆ ಬಟ್ಟೆ ಹಾಸಬೇಡಿ. ಕಾಗದ ತಗ್ಗಿ, ಅಂಚು ಹರಿತವಾಗುವ ಬದಲು ದುಂಡಗಾಗುತ್ತದೆ.

ಸಾಣೆಕಲ್ಲಿನ ಮೇಲೆ ಚಾಕುವನ್ನು ಎರಡೂ ಕಡೆಗೆ ಆಡಿಸಬಹುದು. ಇಲ್ಲಿ ಹಾಗಿಲ್ಲ, ಬೆನ್ನು ಮುಂದಾಗಿ ಎಳೆಯಬೇಕು. ಅಂಚನ್ನು ಮುಂದೆ ಮಾಡಿ ತಳ್ಳಿದರೆ ಕಾಗದವೇ ಕತ್ತರಿಸಿಹೋಗುತ್ತದೆ. ಕೋನ 15ರಿಂದ 20 ಡಿಗ್ರಿ. ಅಳೆಯುವುದು ಸುಲಭ: ಅಲಗು ನಾಲ್ಕು ಸೆಂಟಿಮೀಟರ್ ಅಗಲ ಇದ್ದರೆ ಬೆನ್ನನ್ನು 12 ಮಿಲಿಮೀಟರ್ ಎತ್ತಿ ಹಿಡಿದರೆ ಸುಮಾರು 17 ಡಿಗ್ರಿ ಬರುತ್ತದೆ. ಅಂಚಿಗೆ ಮಾರ್ಕರ್ ಪೆನ್ನಿನ ಗೀರು ಎಳೆದು, ಒಂದೆರಡು ಸಲ ಎಳೆದು ನೋಡಿ. ಗೀರು ತುದಿಯವರೆಗೂ ಅಳಿಸಿದ್ದರೆ ಕೋನ ಸರಿ ಇದೆ. ತುದಿಯಲ್ಲಿ ಮಸಿ ಹಾಗೇ ಉಳಿದಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಒಂದು ಬದಿ ಮಸೆದಾದ ಮೇಲೆ ಆಚೆ ಬದಿಯಲ್ಲಿ ಬೆರಳಿಗೆ ಸಣ್ಣಗೆ ಒರಟು ತಾಗಬೇಕು. (ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಜಾರಿಸಿ, ಅಂಚಿನ ಉದ್ದಕ್ಕೆ ಅಲ್ಲ!) ಮಡಚಿಕೊಂಡ ಲೋಹದ ಎಳೆ ಅದು. ಅದು ತಾಗುವವರೆಗೆ ನಂಬರ್ ಬದಲಾಯಿಸಬೇಡಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ನಾಲ್ಕು ಸಲ ಎಳೆದರೆ ಅದೂ ಹೋಗುತ್ತದೆ.

ಇನ್ನು ದೂರುಗಳು. ಕಾಗದ ಬೇಗ ಸವೆಯುತ್ತದೆ, ಅದರಲ್ಲೂ 320. ಹಾಳೆಯನ್ನು ನಾಲ್ಕು ಪಟ್ಟಿ ಮಾಡಿ ಬಳಸಿದರೂ ಪೂರ್ತಿ ಮೊಂಡಾದ ಚಾಕು ಒಂದು ಪಟ್ಟಿಯನ್ನು ತಿಂದುಹಾಕುತ್ತದೆ. ಕಲ್ಲಿನ ಬೆಲೆಗೆ ಹೋಲಿಸಿದರೆ ಹಾಳೆಯದ್ದು ಏನೂ ಅಲ್ಲ ಅನಿಸುತ್ತದೆ, ಆದರೆ ಮತ್ತೆ ಮತ್ತೆ ತರುತ್ತಲೇ ಇರಬೇಕು, ಅಲ್ವಾ? ಕಟ್ಟೆ ತುಂಬ ಬೂದು ಬಣ್ಣದ ಕೆಸರೂ ಆಗುತ್ತದೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿಗಂತೂ ಈ ವಿಧಾನ ಬೇಡವೇ ಬೇಡ.

ಆದರೂ ಒಣ ಸಾಣೆಚಕ್ರಕ್ಕೆ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಚಕ್ರದಲ್ಲಿ ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಅಂತಲೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀರು ಹಾಕಿ ಕೈಯಲ್ಲಿ ಮಸೆಯುವಾಗ ಆ ಭಯ ಇಲ್ಲ.

ಕಾಗದವು ಕಲ್ಲನ್ನು ಖಂಡಿತ ಸೋಲಿಸುವುದು ಒಂದು ಕಡೆ: ಈಳಿಗೆ ಮಣೆ. ಬಾಗಿದ ಅಲಗು ಮಣೆಗೇ ಕೂತಿರುತ್ತದೆ. ಅದನ್ನು ಕಲ್ಲಿನ ಮೇಲೆ ಆಡಿಸುವುದು ಹೇಗೆ? ಮರದ ರೀಪರ್ ತುಂಡಿಗೆ 320ರ ಪಟ್ಟಿ ಸುತ್ತಿ, ಬುಡದಿಂದ ತುದಿಯ ಕಡೆಗೆ, ಬೆರಳು ಅಂಚಿನ ಮುಂದೆ ಬಾರದಂತೆ ಉಜ್ಜಿ. ಆಮೇಲೆ 600. ಹಲಸಿನಕಾಯಿ, ಬಾಳೆದಿಂಡಿಗೆ ಅಷ್ಟು ಹರಿತ ಸಾಕು. ಹಳೇ ಕಬ್ಬಿಣದ ಅಲಗಾದರೆ ಮಸೆದ ಕೂಡಲೇ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.