ಅಣುಮಾದರಿ ಪೆಟ್ಟಿಗೆ: ಕೊಳ್ಳಿ, ಆದರೆ ಓಝೋನ್ ಕಟ್ಟಲು ಹೋಗಬೇಡಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯೊಂದರಿಂದ 850 ರೂಪಾಯಿ ಕೊಟ್ಟು ತಂದ ಪೆಟ್ಟಿಗೆ ಇದು. ಗುಂಡುಗಳೆಂದರೆ ಪರಮಾಣು, ಅವನ್ನು ಸೇರಿಸುವ ಕಡ್ಡಿಗಳೆಂದರೆ ಬಂಧ. ಪ್ರಥಮ ಪಿಯುಸಿಯವರಿಗೆ ರಾಸಾಯನಿಕ ಬಂಧದ ಪಾಠ ಮಾಡುವವಳು ನಾನು. ಮೂರೇ ಪರಮಾಣುಗಳ ಪುಟ್ಟ ಅಣುಗಳನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ ಎಂಬುದು ನನ್ನ ಆಸೆ.

ಗುಂಡುಗಳ ಗುಣಮಟ್ಟಕ್ಕೆ ಹೆಸರಿಡುವಂತಿಲ್ಲ. ನೆಲಕ್ಕೆ ಬಿದ್ದರೆ ಒಡೆಯುವುದಿಲ್ಲ, ಬಣ್ಣ ಕೈಗೆ ಹತ್ತುವುದಿಲ್ಲ. ರಟ್ಟಿನ ಪೆಟ್ಟಿಗೆ ಮಾತ್ರ ಆಟಿ ತಿಂಗಳ ಮಳೆಗೆ ಮೆತ್ತಗಾಗಿ ಬೂಸ್ಟು ಹಿಡಿಯಿತು. ಈಗ ಎಲ್ಲವೂ ಸ್ಟೀಲ್ ಡಬ್ಬಿಯಲ್ಲಿವೆ.

ನನ್ನ ತಕರಾರು ತೂತುಗಳದ್ದು. ಆಮ್ಲಜನಕದ ಕೆಂಪು ಗುಂಡಿಗೆ ನಾಲ್ಕು ತೂತು, ಒಂದರಿಂದ ಒಂದಕ್ಕೆ 109.5 ಡಿಗ್ರಿ. ರಸಾಯನಶಾಸ್ತ್ರಜ್ಞ ಪೌಲಿಂಗ್ 1931ರಲ್ಲಿ ಹೇಳಿದ ಸಂಕರಣವನ್ನೇ (ಪರಮಾಣುವಿನ ಕಕ್ಷಕಗಳು, ಅಂದರೆ ಎಲೆಕ್ಟ್ರಾನುಗಳ ನೆಲೆಗಳು, ಬೆರೆತು ಸಮಾನವಾಗುವುದು) ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದಿದ್ದಾರೆ. ಎರಡು ತೂತಿಗೆ ಜಲಜನಕದ ಬಿಳಿ ಗುಂಡು ಸಿಕ್ಕಿಸಿದರೆ ನೀರು. ಆದರೆ ನೀರಿನ ಬಂಧಕೋನ, ಅಂದರೆ ಎರಡು ಬಂಧಗಳ ನಡುವಿನ ಕೋನ, 104.5 ಡಿಗ್ರಿ. ಬಂಧದಲ್ಲಿ ಸೇರದ ಒಂಟಿ ಜೋಡಿ ಎಲೆಕ್ಟ್ರಾನುಗಳು ಹೆಚ್ಚು ಜಾಗ ಹಿಡಿದು ಬಂಧಗಳನ್ನು ಒತ್ತುತ್ತವೆ ಎಂದು 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ವಿವರಿಸಿದ್ದು ಈ ಐದು ಡಿಗ್ರಿಯ ವ್ಯತ್ಯಾಸವನ್ನೇ. ಪಾಠದ ತಿರುಳೇ ಪೆಟ್ಟಿಗೆಯಲ್ಲಿಲ್ಲ. ಗಂಧಕದ ಹಳದಿ ಗುಂಡಿಗೂ ಅದೇ ತೂತು. ಹೈಡ್ರೋಜನ್ ಸಲ್ಫೈಡಿನ ಕೋನವೋ ಬರೀ 92.

ಮೂರು ಆಮ್ಲಜನಕದ ಓಝೋನ್ ಕಟ್ಟಲು ಹೊರಟರೆ ಇನ್ನೂ ಫಜೀತಿ. ಒಂದು ಕಡೆ ದ್ವಿಬಂಧಕ್ಕೆ ಬಾಗುವ ಎರಡು ಕೊಂಡಿ, ಇನ್ನೊಂದು ಕಡೆ ಏಕಬಂಧಕ್ಕೆ ಗಿಡ್ಡ ಕಡ್ಡಿ ಒಂದು. "ಮೇಡಂ, ಡಬಲ್ ಬಾಂಡ್ ಯಾವ ಕಡೆ ಹಾಕಬೇಕು?" ಎಂದು ಹುಡುಗಿಯೊಬ್ಬಳು ಕೇಳಿದಳು. ಯಾವ ಕಡೆಗೂ ಅಲ್ಲ! ಎರಡೂ ಬಂಧಗಳ ಉದ್ದ 128 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). ಸಾಮಾನ್ಯ ಆಮ್ಲಜನಕ ಅಣುವಿನ ದ್ವಿಬಂಧ 121, ಹೈಡ್ರೋಜನ್ ಪೆರಾಕ್ಸೈಡಿನ ಏಕಬಂಧ ಸುಮಾರು 147. ಓಝೋನಿನದು ಇವೆರಡರ ನಡುವೆ. ನಾಲ್ಕು ಪೈ ಎಲೆಕ್ಟ್ರಾನುಗಳು (ಅಣುವಿನ ಸಮತಲದ ಮೇಲೆ ಕೆಳಗೆ ಇರುವಂಥವು) ಮೂರೂ ಪರಮಾಣುಗಳ ಮೇಲೆ ಹರಡಿಕೊಂಡಿರುತ್ತವೆ. ಹರಡಿದ್ದನ್ನು ಕಡ್ಡಿಯಲ್ಲಿ ತೋರಿಸುವುದು ಹೇಗೆ?

ಹಾಗಾಗಿ ಪೆಟ್ಟಿಗೆ ಮುಚ್ಚಿ, 1953ರಲ್ಲಿ ರಸಾಯನಶಾಸ್ತ್ರಜ್ಞ ವಾಲ್ಶ್ ತೋರಿಸಿದ ದಾರಿ ಹಿಡಿದೆ: ವೇಲೆನ್ಸ್ ಎಲೆಕ್ಟ್ರಾನುಗಳನ್ನು, ಅಂದರೆ ಹೊರಕವಚದವನ್ನು, ಎಣಿಸಿ. ಕಾರ್ಬನ್ ಡೈಆಕ್ಸೈಡಿಗೆ 16, ಅಣು ನೆಟ್ಟಗೆ. ಹದಿನೇಳನೆಯದು ಬಂದು ಕೂರುವ ಕಕ್ಷಕದ ಶಕ್ತಿ ಅಣು ಬಾಗಿದಾಗ ತಗ್ಗುತ್ತದೆ, ಅದಕ್ಕೇ ನೈಟ್ರೋಜನ್ ಡೈಆಕ್ಸೈಡ್ 134 ಡಿಗ್ರಿಗೆ ಬಾಗುತ್ತದೆ. ಇನ್ನೊಂದು ಸೇರಿಸಿ ನೈಟ್ರೈಟ್ ಮಾಡಿದರೆ 115. ಆ ಹದಿನೇಳನೆಯದನ್ನೂ ಕಿತ್ತರೆ ಮತ್ತೆ 180. ನೈಟ್ರೈಟಿನಷ್ಟೇ 18 ಎಲೆಕ್ಟ್ರಾನುಗಳ ಓಝೋನ್ 117ರಲ್ಲಿ ನಿಲ್ಲುತ್ತದೆ. 22ಕ್ಕೆ ಏರಿದರೆ, ಅಂದರೆ ಕ್ಸೆನಾನ್ ಡೈಫ್ಲೋರೈಡಿನಲ್ಲಿ, ಮತ್ತೆ ನೆಟ್ಟಗೆ. ಹಲಗೆಯ ಮೇಲೆ ಇದನ್ನು ಬರೆದ ದಿನ ಹಿಂದಿನ ಬೆಂಚೂ ಎದ್ದು ಕುಳಿತಿತ್ತು.

ಇನ್ನು 1911ರಲ್ಲಿ ಜೆ. ಜೆ. ಥಾಮ್ಸನ್ ಪತ್ತೆ ಹಚ್ಚಿದ, ಮೂರು ಜಲಜನಕದ ಧನ ಅಯಾನು. ಸಮಬಾಹು ತ್ರಿಕೋನ. ಕಟ್ಟಲು ಮೂರು ಕಡ್ಡಿ ಬೇಕು, ಕಡ್ಡಿಗೆ ಎರಡರಂತೆ ಆರು ಎಲೆಕ್ಟ್ರಾನ್. ಅದರಲ್ಲಿರುವುದು ಒಟ್ಟು ಎರಡೇ. ಸಾಲದ್ದಕ್ಕೆ ಬಿಳಿ ಗುಂಡಿಗಿರುವುದು ಒಂದೇ ತೂತು.

ಅಂಗಡಿಯವರಿಗೆ ಇದನ್ನೆಲ್ಲ ಹೇಳಿದೆ. "ಎಲ್ಲ ಕಾಲೇಜಿನವರೂ ಇದನ್ನೇ ಕೊಂಡುಹೋಗುತ್ತಾರೆ ಮೇಡಂ" ಎಂದು ನಕ್ಕು, ಬಾಗುವ ಕೊಂಡಿಗಳ ಒಂದು ಪೊಟ್ಟಣ ಪುಕ್ಕಟೆ ಕೊಟ್ಟರು. ಒಳ್ಳೆಯ ಮನುಷ್ಯ, ವಾದ ಮಾಡಲು ಮನಸ್ಸಾಗಲಿಲ್ಲ.

ಮೀಥೇನ್, ಈಥೇನ್, ಕಾರ್ಬನ್ ಡೈಆಕ್ಸೈಡ್ ಕಟ್ಟಲು ಈ ಪೆಟ್ಟಿಗೆ ಧಾರಾಳ ಸಾಕು, ಸಾವಯವ ಪಾಠಕ್ಕಂತೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಮೂರು ಪರಮಾಣುಗಳ ಉಳಿದ ಅಣುಗಳಿಗೆ ಮಾತ್ರ ನಾನು ಈಗ ಮಕ್ಕಳ ಜೇಡಿಮಣ್ಣನ್ನೂ ಹಿಡಿಸೂಡಿಯ ಕಡ್ಡಿಯನ್ನೂ ಬಳಸುತ್ತೇನೆ. ಬೇಕಾದ ಕೋನಕ್ಕೆ ಬಾಗುತ್ತದೆ. ಕೊಳ್ಳಲು ಹೋಗುವವರು ಕೋನಮಾಪಕ ಜೊತೆಗಿಟ್ಟುಕೊಳ್ಳಿ, ಎರಡೇ ತೂತಿನ ಕೆಂಪು ಗುಂಡು ಬಿಡಿಯಾಗಿ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲು ವಿಚಾರಿಸಿ.